‘ಫಿನಿಶ್’ ಎಂಬುದಕ್ಕೆ ‘ಒಪ್ಪ’ ಒಪ್ಪುತ್ತದೆಯೇ?

ಗೆಳೆಯರೇ,

ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮನೆಯ ದೀಪಗಳು, ಬಾಗಿಲ ಹಿಡಿ, ಡ್ರಾಯರಿನ ಗುಬುಟು, ನಲ್ಲಿ, ಟವೆಲ್ ಹಾಕುವ ಕಂಬಿ, ಇವೆಲ್ಲ ಒಂದರ ಪಕ್ಕ ಒಂದು ಚೆನ್ನಾಗಿ ಕಾಣುವಂತೆ ಆರಿಸುವುದು ಹೇಗೆ ಎಂಬುದು ಅದರ ವಿಷಯ. ನಲವತ್ತು ಪುಟವೂ ಇಲ್ಲ. ಒಂದು ವಾರದ ಕೆಲಸ ಅಂದುಕೊಂಡು ಕೈಗೆತ್ತಿಕೊಂಡೆ. ಈಗ ತಿಂಗಳಾಯಿತು. ಮೂರು ಪದಗಳು ನನ್ನನ್ನು ಮುಂದೆ ಹೋಗಲು ಬಿಡುತ್ತಿಲ್ಲ: ಫಿಕ್ಸ್ಚರ್, ಫಿನಿಶ್, ಕೋಆರ್ಡಿನೇಟೆಡ್.

ಇದೇ ವಿಷಯದ ಒಂದು ಯಂತ್ರಾನುವಾದ ಕಣ್ಣಿಗೆ ಬಿತ್ತು. ಅದರಲ್ಲಿ ‘ಬೆಳಕಿನ ನೆಲೆವಸ್ತುಗಳು’ ಇದ್ದವು. ಹೊಳೆಯದ ‘ಮ್ಯಾಟ್ ಫಿನಿಶ್’ಗೆ ‘ಮ್ಯಾಟ್ ಮುಕ್ತಾಯ’ ಇತ್ತು. ಬಾಗಿಲಿನ ಹಾರ್ಡ್‌ವೇರ್‌ಗೆ ‘ಯಂತ್ರಾಂಶ’ ಬೇರೆ! ಕಂಪ್ಯೂಟರಿಗೆ ಅಂತ ಕಟ್ಟಿದ ಪದ ಚಿಲಕದ ಮೇಲೆ ಬಂದು ಕೂತಿತ್ತು. ಚೆನ್ನಾಗಿ ನಕ್ಕೆ. ಆಮೇಲೆ ನನ್ನದೇ ಕರಡು ತೆಗೆದು ನೋಡಿದರೆ ‘ಸಮನ್ವಯಗೊಳಿಸಿದ ದೀಪೋಪಕರಣಗಳು’ ಅಂತ ಬರೆದಿಟ್ಟಿದ್ದೆ. ನಗು ಅಲ್ಲಿಗೇ ನಿಂತಿತು.

ಫಿಕ್ಸ್ಚರ್ ಅಷ್ಟು ಕಷ್ಟವಲ್ಲ. ಅದನ್ನು ಬೇಗ ಮುಗಿಸುತ್ತೇನೆ. ಬೆಳಕಿನ ಕಸುಬಿನವರ ಇಂಗ್ಲಿಷಿನಲ್ಲಿ ‘ಲ್ಯಾಂಪ್’ ಅಂದರೆ ಬರೀ ಬಲ್ಬು. ಬಲ್ಬನ್ನು ಹಿಡಿದುಕೊಂಡು, ಬೆಳಕನ್ನು ಬೇಕಾದ ಕಡೆ ಕಳಿಸುವ ಇಡೀ ಸಾಧನಕ್ಕೆ ಫಿಕ್ಸ್ಚರ್ ಅಥವಾ ಲ್ಯೂಮಿನೇರ್ ಅನ್ನುತ್ತಾರೆ. ನಮ್ಮ ‘ದೀಪ’ಕ್ಕೆ ಈ ಭೇದವೇ ಇಲ್ಲ. ‘ದೀಪ ಆರಿತು’ ಅಂದರೆ ಉರಿ. ‘ದೀಪ ತೊಳೆದಿಟ್ಟೆ’ ಅಂದರೆ ಅದನ್ನು ಹೊತ್ತ ಪಾತ್ರೆ. ಯಾರಿಗೂ ಗೊಂದಲವಾಗುವುದಿಲ್ಲ. ಇವತ್ತು ಎಲ್‌ಇಡಿ ಬಂದ ಮೇಲೆ ಬಲ್ಬು ಬಿಚ್ಚಲು ಬಾರದ ದೀಪಗಳೇ ಜಾಸ್ತಿ ಆಗುತ್ತಿವೆ. ಒಳಗಿನದು ಹೋದರೆ ಇಡೀ ದೀಪ ಹೋಯಿತು. ಹಾಗಾಗಿ ಈ ಭೇದ ಇಂಗ್ಲಿಷಿನಲ್ಲೇ ಸವೆಯುತ್ತಿದೆ, ನಾವ್ಯಾಕೆ ಹೊಸದಾಗಿ ಕಟ್ಟಿಕೊಳ್ಳಬೇಕು? ದೀಪ ಎಂದೇ ಇಟ್ಟಿದ್ದೇನೆ. ಬಲ್ಬು ಬೇರೆ ಎಂದು ಹೇಳಲೇಬೇಕಾದ ಕಡೆ ‘ಬಲ್ಬು’ ಎಂದಿದ್ದೇನೆ. ವೈರಿಂಗ್ ಮಾಡುವವರು ‘ಫಿಟ್ಟಿಂಗ್’ ಅನ್ನುತ್ತಾರೆ, ಅದೂ ಒಂದೆರಡು ಕಡೆ ಬಂದಿದೆ.

ದೀಪದ ಬಗೆಗಳಿಗೆ ತೂಗುದೀಪ, ಗೋಡೆದೀಪ, ಗೊಂಚಲುದೀಪ ಸಾಕಾದವು. ಚಾವಣಿಯೊಳಗೆ ಸೇರಿಕೊಂಡು ಬಾಯಿ ಮಾತ್ರ ಕಾಣುವ ದೀಪಕ್ಕೆ ‘ಹುದುಗುದೀಪ’ ಎಂದೆ. ಶಾಂಡಲಿಯರ್ ಪದದ ಬುಡದಲ್ಲಿ ಫ್ರೆಂಚಿನ ಮೇಣದಬತ್ತಿ ಇದೆ. ನಮ್ಮ ‘ಗೊಂಚಲು’ ಬತ್ತಿಯನ್ನು ಬಿಟ್ಟು ಆಕಾರವನ್ನು ನೋಡುತ್ತದೆ. ಮೇಣದಬತ್ತಿ ಹೋಗಿ ಎಷ್ಟೋ ಕಾಲವಾದ ಮೇಲೆ ನಮ್ಮ ಪದವೇ ಹೆಚ್ಚು ನಿಜ, ಅಲ್ವಾ?

ಈಗ ಅಸಲು ವಿಷಯ, ಫಿನಿಶ್.

ಲೋಹದ ಸಾಮಾನಿನಲ್ಲಿ ಫಿನಿಶ್ ಅಂದರೆ ಲೋಹ ಯಾವುದು ಅಂತಲ್ಲ, ಬರೀ ಬಣ್ಣ ಅಂತಲೂ ಅಲ್ಲ. ಮೈ ಹೇಗೆ ಕಾಣುತ್ತದೆ, ಬೆಳಕನ್ನು ಹೇಗೆ ತಿರುಗಿಸುತ್ತದೆ ಎಂಬುದೆಲ್ಲ ಸೇರಿದ ಮಾತು. ಒಂದೇ ಹಿತ್ತಾಳೆಯನ್ನು ಕನ್ನಡಿಯ ಹಾಗೆ ಉಜ್ಜಬಹುದು. ಒಂದೇ ದಿಕ್ಕಿಗೆ ಸಣ್ಣ ಗೀರು ಎಳೆದು ಹೊಳಪನ್ನು ಒಡೆಯಬಹುದು. ರಾಸಾಯನಿಕ ಹಚ್ಚಿ ಹಳೆಯದರಂತೆ ಕಪ್ಪು ಮಾಡಬಹುದು. ಲೋಹ ಒಂದು, ಫಿನಿಶ್ ಮೂರು.

ಇದಕ್ಕೆ ‘ಹೊಳಪು’ ಅಂದರೆ ಹೊಳೆಯದ ಫಿನಿಶ್‌ಗೆ ಏನು ಹೇಳುವುದು? ‘ಹೊಳಪಿಲ್ಲದ ಹೊಳಪು’ ಅಂತಲೇ? ‘ಮೆರುಗು’ ಕೂಡ ಹಾಗೆಯೇ. ‘ಲೇಪ’ ಅಂದರೆ ಮೇಲೆ ಬಳಿದದ್ದು. ಉಜ್ಜಿದ್ದು ಲೇಪವಲ್ಲ. ‘ಮುಲಾಮು’ ಎಂಬ ಹಳೆಯ ಪದ ಇದೆ, ಚಿನ್ನದ ಮುಲಾಮು ಅನ್ನುತ್ತೇವಲ್ಲ. ಆದರೆ ಇವತ್ತಿನ ಓದುಗ ಅದನ್ನು ಮೊಣಕಾಲಿಗೆ ಹಚ್ಚಿಕೊಳ್ಳುತ್ತಾನೆ. ‘ಗಿಲೀಟು’ ಅಂದರೆ ಮೋಸದ ವಾಸನೆ. ‘ಕಲಾಯಿ’ ತವರಕ್ಕೆ ಮೀಸಲು. ಇನ್ನು ಕೆಲಸಗಾರರ ಬಾಯಲ್ಲಿ ‘ಫಿನಿಶಿಂಗ್’ ಇದೆ, ನಿಜ. ಆದರೆ ಅವರ ಅರ್ಥ ಬೇರೆ. ‘ಫಿನಿಶಿಂಗ್ ಸರಿಯಿಲ್ಲ’ ಅಂದರೆ ಅಂಚು ನಯವಾಗಿಲ್ಲ, ಕೆಲಸ ಅಚ್ಚುಕಟ್ಟಾಗಿಲ್ಲ ಎಂದು. ಬಣ್ಣ, ಹೊಳಪಿನ ಮಾತೇ ಅಲ್ಲ.

ಹೀಗೆ ತಲೆ ಕೆಡಿಸಿಕೊಂಡಿದ್ದಾಗ ‘ಒಪ್ಪ ಓರಣ’ ನೆನಪಾಯಿತು. ಓರಣ ಗೊತ್ತು, ಸಾಲಾಗಿ ಜೋಡಿಸುವುದು. ಒಪ್ಪ? ನಿಘಂಟು ತೆಗೆದೆ. ಅಂದ, ಅಚ್ಚುಕಟ್ಟು, ಕಾಂತಿ, ಮೆರುಗು. ‘ಒಪ್ಪವಿಡು’ ಅಂದರೆ ಉಜ್ಜಿ ನಯ ಮಾಡು. ಹಳೆಯ ಕನ್ನಡದಲ್ಲಿ ‘ಒಪ್ಪವಿಟ್ಟ ರತ್ನ’ ಎಂಬಂಥ ಮಾತು ಬರುತ್ತದೆ. ಅಂದರೆ ಕೆಲಸಗಾರರ ‘ಫಿನಿಶಿಂಗ್’ ಮತ್ತು ಕೈಪಿಡಿಯ ‘ಫಿನಿಶ್’ ಎರಡೂ ಈ ಒಂದು ಪದದಲ್ಲಿ ಆಗಲೇ ಇವೆ! ಅಷ್ಟೇ ಅಲ್ಲ. ಇದರ ಒಡಹುಟ್ಟಿದ ಕ್ರಿಯಾಪದ ‘ಒಪ್ಪು’. ಅದಕ್ಕೆ ಹೊಂದು, ತಕ್ಕುದಾಗಿರು, ಚೆಂದ ಕಾಣು ಎಂಬ ಅರ್ಥಗಳಿವೆ. ‘ಈ ಸೀರೆ ನಿನಗೆ ಒಪ್ಪುತ್ತದೆ’ ಎಂದು ಈಗಲೂ ಹೇಳುತ್ತೇವೆ. ನನ್ನ ಮೂರನೆಯ ತಲೆನೋವು ಕೋಆರ್ಡಿನೇಟೆಡ್ ಕೂಡ ಇಲ್ಲೇ ಕೂತಿದೆ.

ಕೋಆರ್ಡಿನೇಟೆಡ್ ಅಂದರೆ ಮ್ಯಾಚಿಂಗ್ ಅಲ್ಲ. ಕೈಪಿಡಿ ಇದನ್ನು ಒತ್ತಿ ಒತ್ತಿ ಹೇಳುತ್ತದೆ, ನನಗೂ ಸರಿ ಅನಿಸುತ್ತದೆ. ದೀಪ, ನಲ್ಲಿ, ಹಿಡಿ, ಬಿಜಾಗರಿ ಎಲ್ಲವೂ ಒಂದೇ ಕ್ರೋಮ್ ಆಗಿದ್ದರೆ ಅದು ಮ್ಯಾಚಿಂಗ್. ಕೋಣೆ ಒಂದೇ ಡಬ್ಬಿಯಿಂದ ತೆಗೆದಿಟ್ಟ ಹಾಗೆ ಕಾಣುತ್ತದೆ. ಹಿಡಿಗಳು ಕಪ್ಪು, ದೀಪ ಹಿತ್ತಾಳೆ, ದೀಪದ ತಂತಿ ಮತ್ತೆ ಕಪ್ಪು. ಇದು ಕೋಆರ್ಡಿನೇಟೆಡ್. ಒಂದು ಮುಂದಾಳು, ಇನ್ನೊಂದು ಜೊತೆಗಾರ, ಇಬ್ಬರ ನಡುವೆ ಎಲ್ಲೋ ಒಂದು ಕೊಂಡಿ. ಒಂದು ಕೋಣೆಗೆ ಎರಡು ಫಿನಿಶ್, ಹೆಚ್ಚೆಂದರೆ ಮೂರು.

ಬೇರೆ ಆಯ್ಕೆಗಳನ್ನೂ ತೂಗಿ ನೋಡಿದೆ. ‘ಸಮನ್ವಯ’ ಕಚೇರಿಯ ಪದ. ಅದರ ಹಿಂದೆಯೇ ಸಮಿತಿ ಬರುತ್ತದೆ. ‘ಹೊಂದಾಣಿಕೆ’ಯಲ್ಲಿ ಯಾರೋ ಏನನ್ನೋ ಬಿಟ್ಟುಕೊಟ್ಟ ನೋವಿದೆ. ಇಷ್ಟವಿಲ್ಲದ ದೀಪವನ್ನು ಸಹಿಸಿಕೊಂಡ ಹಾಗೆ. ‘ತಾಳೆ’ ಲೆಕ್ಕಕ್ಕೆ ಸರಿ. ‘ಜೋಡಿ’ ಅಂದರೆ ಎರಡೇ, ಅದೂ ಒಂದೇ ಥರದ್ದು. ಚಪ್ಪಲಿ ನೆನಪಾಗುತ್ತದೆ. ‘ಮೇಳೈಸು’ ನನಗೆ ಇಷ್ಟ. ಮೇಳದಲ್ಲಿ ವಾದ್ಯಗಳು ಬೇರೆ ಬೇರೆ, ಶ್ರುತಿ ಒಂದು. ಆದರೆ ‘ಮೇಳೈಸುವ ಬಾಗಿಲ ಹಿಡಿಗಳು’ ಅಂದರೆ ಬಾಗಿಲು ತೆಗೆದಾಗ ಡೋಲು ಕೇಳಿಸೀತು. ‘ಒಪ್ಪುವ ಹಿಡಿಗಳು’ ತಣ್ಣಗಿದೆ. ‘ದೀಪಕ್ಕೆ ಒಪ್ಪುವ ಹಿಡಿ’ ಅಂದರೆ ಹಿಡಿ ದೀಪದ ನಕಲಾಗಬೇಕಿಲ್ಲ. ಅದೇ ತಾನೇ ಬೇಕಾದದ್ದು?

ಇನ್ನೊಂದು ಸೂಕ್ಷ್ಮ ಇದೆ. ನೋಟದಲ್ಲಿ ದೂರದ ಎರಡು ಫಿನಿಶ್ ಪಕ್ಕಪಕ್ಕ ಇದ್ದರೆ ಕಣ್ಣು ಒಪ್ಪುತ್ತದೆ. ಹತ್ತಿರದ ಎರಡು ಇದ್ದರೆ ಮುನಿಸಿಕೊಳ್ಳುತ್ತದೆ. ಕ್ರೋಮಿನಲ್ಲಿ ನಸುನೀಲಿ, ಮಂದ ಹೊಳಪಿನ ಸ್ಯಾಟಿನ್ ನಿಕಲ್‌ನಲ್ಲಿ ನಸುಹಳದಿ. ಎರಡೂ ‘ಬೆಳ್ಳಿ ಬಣ್ಣ’ವೇ. ಒಟ್ಟಿಗೆ ಇಟ್ಟರೆ ಬೇಕೆಂದು ಬೇರೆ ತಂದದ್ದು ಅನಿಸುವುದಿಲ್ಲ, ಒಂದೇ ಅಂತ ತರಲು ಹೋಗಿ ತಪ್ಪಿದ್ದು ಅನಿಸುತ್ತದೆ. ಈ ‘ಕೂದಲೆಳೆಯಲ್ಲಿ ತಪ್ಪಿದ ಜೋಡಿ’ಗೆ ಒಂದು ಚುಟುಕು ಪದ ಬೇಕಿತ್ತು. ‘ಒಪ್ಪಗೇಡು’ ಹೇಗೆ? ಸ್ವಲ್ಪ ಜೋರಾಯಿತೇನೋ.

‘ಒಪ್ಪ’ಕ್ಕೆ ಬರಬಹುದಾದ ಆಕ್ಷೇಪಗಳು ನನಗೂ ಗೊತ್ತು. ಇವತ್ತು ‘ಒಪ್ಪು’ ಎಂದರೆ ಮೊದಲು ಹೊಳೆಯುವುದು ಸಮ್ಮತಿ: ಒಪ್ಪಿಗೆ, ಒಪ್ಪಂದ. ಹಳೆಯ ಶಾಸನಗಳ ಕೊನೆಯಲ್ಲಿ ‘ಒಪ್ಪ’ ಬಂದರೆ ಅದು ರುಜು. ಆದರೆ ‘ಒಪ್ಪ’ ಎಂಬ ನಾಮಪದ ಒಂಟಿಯಾಗಿ ಇವತ್ತಿನ ಮಾತಿನಲ್ಲಿ ಜಾಸ್ತಿ ಬಳಕೆಯಲ್ಲಿಲ್ಲ. ಖಾಲಿ ಇರುವ ಮನೆ. ನಾವು ಹೋಗಿ ಸೇರಿಕೊಂಡರೆ ಯಾರೂ ಎಬ್ಬಿಸುವುದಿಲ್ಲ ಅಂತ ನನ್ನ ಧೈರ್ಯ. ಸಮಾಸಗಳೂ ಸಲೀಸಾಗಿ ಆಗುತ್ತವೆ. ಮುಖ ಕಾಣುವಷ್ಟು ಉಜ್ಜಿದ್ದು ‘ಕನ್ನಡಿಯೊಪ್ಪ’. ಸಣ್ಣ ಗೆರೆಗಳಿರುವ ಬ್ರಶ್ಡ್ ಫಿನಿಶ್ ‘ಗೀರೊಪ್ಪ’. ಸ್ಯಾಟಿನ್‌ಗೆ ‘ಅರೆಯೊಪ್ಪ’.

ಮ್ಯಾಟ್ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಮಂಕು, ಮಬ್ಬು, ಮಾಸಲು, ಕನ್ನಡದಲ್ಲಿ ಹೊಳೆಯದಿರುವುದೆಲ್ಲ ಬೈಗುಳವೇ! ಕಾಸು ಕೊಟ್ಟು ಮಂಕು ದೀಪ ಯಾರು ತರುತ್ತಾರೆ? ಮ್ಯಾಟ್ ಬ್ಲ್ಯಾಕಿಗೆ ಮಾತ್ರ ‘ಕಾಡಿಗೆಗಪ್ಪು’ ಹೊಳೆಯಿತು. ಕಾಡಿಗೆ ಕಪ್ಪು, ನಯ, ಹೊಳೆಯುವುದಿಲ್ಲ. ಸರಿಯಾಗಿ ಕೂತಿತು. ಮ್ಯಾಟ್ ಬಿಳಿಗೆ ‘ಸುಣ್ಣದ ಬಿಳಿ’ ಅನ್ನೋಣವೇ?

ಹಳೆಯದಾಗಿ ಕಾಣುವ ಫಿನಿಶ್ ಕಥೆಯೂ ಇದೇ. ವಾರ್ನಿಶ್ ಬಳಿಯದ ಹಿತ್ತಾಳೆ ಗಾಳಿಗೆ, ಕೈ ಬೆವರಿಗೆ ನಿಧಾನವಾಗಿ ಕಂದು ತಿರುಗುತ್ತದೆ. ಹೆಚ್ಚು ಮುಟ್ಟುವ ಕಡೆ ಉಜ್ಜಿ ಉಜ್ಜಿ ಹೊಳೆಯುತ್ತಲೇ ಇರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಪ್ರೀತಿಯಿಂದ ‘ಪಟಿನಾ’ ಅನ್ನುತ್ತಾರೆ. ನಮ್ಮಲ್ಲಿರುವುದು ‘ಕಿಲುಬು’. ಕಿಲುಬು ಕಂಡರೆ ಉಜ್ಜು ಎಂದೇ ಬೆಳೆದವರು ನಾವು. ‘ಹಳೆಮೆ’ ಎಂಬ ಪದವನ್ನು ಸದ್ಯಕ್ಕೆ ಇಟ್ಟಿದ್ದೇನೆ.

ಇಲ್ಲೇ ನನ್ನದೊಂದು ಪೇಚು ಹೇಳಿಬಿಡುತ್ತೇನೆ. ಒಮ್ಮೆ ಮನೆಗೆ ‘ಬ್ರಾಂಜ್’ ಹಿಡಿಗಳನ್ನು ತರಿಸಿದೆ. ಬ್ರಾಂಜ್ ಅಂದರೆ ಕಂಚು, ತಾಮ್ರಕ್ಕೆ ತವರ ಬೆರೆಸಿದ್ದು, ಹೊಂಬಣ್ಣ ಇರುತ್ತದೆ ಎಂಬ ಎಣಿಕೆ. ಬಂದದ್ದು ಹೆಚ್ಚುಕಡಿಮೆ ಕಪ್ಪು. ಅದು ‘ಆಯಿಲ್ ರಬ್ಡ್ ಬ್ರಾಂಜ್’. ಅಲ್ಲಿ ಬ್ರಾಂಜ್ ಅಂದರೆ ಗಾಢ ಕಂದು ಬಣ್ಣದ ಹೆಸರು, ಒಳಗಿನ ಲೋಹ ಬೇರೆಯೇ ಇರಬಹುದು. ಹಾಗಾಗಿ ಕೈಪಿಡಿಯಲ್ಲಿ ಅದನ್ನು ‘ಕಂಚಿನ ಒಪ್ಪ’ ಎಂದು ಬರೆದರೆ ಓದುಗರೂ ನನ್ನ ಹಾಗೆಯೇ ಬೀಳುತ್ತಾರೆ. ‘ಕರಿಗಂದು’ ಎಂದು ಬಣ್ಣವನ್ನೇ ಹೇಳಿದ್ದೇನೆ. ಅನುವಾದ ತಪ್ಪಾದರೂ ಹಿಡಿ ಸರಿಯಾಗಿ ಬರಲಿ.

ಬೆಳಕಿನ ಬಣ್ಣದ ಮಾತು ಇನ್ನೂ ಮಜವಾಗಿದೆ. ವಾರ್ಮ್, ಕೂಲ್. ಸುಮ್ನೆ ‘ಬೆಚ್ಚನೆಯ ಬೆಳಕು, ತಂಪು ಬೆಳಕು’ ಎಂದು ಬರೆದೆ. ಒಬ್ಬ ಗೆಳತಿಗೆ ಓದಿಸಿದೆ. ‘ಮಲಗುವ ಕೋಣೆಗೆ ತಂಪು ಬೆಳಕೇ ಇರಲಿ, ಹಿತವಾಗಿರುತ್ತೆ’ ಅಂದಳು. ಕೈಪಿಡಿ ಹೇಳುವುದು ಇದರ ತದ್ವಿರುದ್ಧ! ತಪ್ಪು ಅವಳದ್ದಲ್ಲ. ಕನ್ನಡದಲ್ಲಿ ತಂಪು ಅಂದರೆ ನೆರಳು, ಬೆಳದಿಂಗಳು, ಕಣ್ಣಿಗೆ ಹಿತ. ಇಂಗ್ಲಿಷಿನ ಕೂಲ್ ವೈಟ್ ಅಂದರೆ ನೀಲಿ ಬೆರೆತ ಚುರುಕು ಬೆಳಕು. ಒಬ್ಬರ ತಂಪು ಇನ್ನೊಬ್ಬರ ಚಳಿ.

ಜೊತೆಗೆ ಬಲ್ಬಿನ ಡಬ್ಬಿಯ ಮೇಲಿನ ಅಂಕಿ ಉಲ್ಟಾ ಓಡುತ್ತದೆ. 2700 ಕೆಲ್ವಿನ್ ಅಂದರೆ ಹಳದಿ, ಬೆಚ್ಚನೆ. 4000 ನಡುವಿನದು. 6500 ಅಂದರೆ ನೀಲಿಬಿಳಿ, ‘ಕೂಲ್’. ಕಬ್ಬಿಣ ಕಾಯಿಸಿದವರಿಗೆ ಇದು ಗೊತ್ತು. ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಕೆಲ್ವಿನ್ ಅಳೆಯುವುದು ಈ ಕಾವಿನ ಲೆಕ್ಕವನ್ನು. ನಮ್ಮ ಮನಸ್ಸಿನ ಬೆಚ್ಚಗೆ, ತಣ್ಣಗೆ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಜನ ಆಡುವ ‘ಹಳದಿ ಬೆಳಕು, ಬಿಳಿ ಬೆಳಕು’ ಎಂಬುದನ್ನೇ ಹಿಡಿದು, ಪಕ್ಕದಲ್ಲಿ ಕೆಲ್ವಿನ್ ಅಂಕಿ ಬರೆದೆ. ಇದು ಒಪ್ಪಕ್ಕೂ ಸೇರಿದ ಮಾತು. ಹಳದಿ ಬೆಳಕಿನಲ್ಲಿ ಚೆಂದ ಕಂಡ ಹಿತ್ತಾಳೆ ನೀಲಿಬಿಳಿ ಬೆಳಕಿನಲ್ಲಿ ಬಿಳಿಚಿಕೊಂಡಂತೆ ಕಾಣುತ್ತದೆ. ಹಿಡಿ ಆರಿಸುವ ಮೊದಲು ಬಲ್ಬು ನಿರ್ಧರಿಸಿ ಎಂದು ಕೈಪಿಡಿ ಹೇಳುವುದು ಅದಕ್ಕೇ.

ಉಳಿದದ್ದು ಬಿಡಿ ಸಾಮಾನುಗಳು. ಇದರಲ್ಲಿ ಕನ್ನಡ ಬಡವಲ್ಲ. ಚಿಲಕ, ಅಗುಳಿ, ಕೊಂಡಿ, ಬಿಜಾಗರಿ, ತಿರುಪು, ಎಲ್ಲ ಇವೆ. ಹಾರ್ಡ್‌ವೇರ್ ಎಂಬ ಒಟ್ಟು ಹೆಸರಿಗೆ ಮಾತ್ರ ‘ಹಿಡಿ-ಚಿಲಕ’ ಎಂದು ಜೋಡಿಪದ ಮಾಡಿದೆ. ‘ಪಾತ್ರೆ-ಪಗಡೆ’ ಇದ್ದ ಹಾಗೆ, ಎರಡು ಹೇಳಿದರೆ ಉಳಿದವೂ ಬಂದವು. ಬೀಗದ ತೂತಿನ ಸುತ್ತ ಕೂರಿಸುವ ತಗಡಿಗೆ ಇಂಗ್ಲಿಷಿನಲ್ಲಿ ‘ಎಸ್ಕಚನ್’. ಅದರ ಬೇರು ಲ್ಯಾಟಿನ್ನಿನ ಗುರಾಣಿ. ನಮಗೆ ಗುರಾಣಿ ಯಾಕೆ, ‘ಬಿಲ್ಲೆ’ ಸಾಕು. ಎರಡು ತಿರುಪಿನ ಹಿಡಿಗೆ ತೂತಿನಿಂದ ತೂತಿಗೆ ಅಳತೆ ಹೇಳಬೇಕು. 96 ಮಿಲಿಮೀಟರ್, 128 ಮಿಲಿಮೀಟರ್, ಹೀಗೆ 32ರ ಮಗ್ಗಿಯಲ್ಲಿ ಬರುವುದು ವಾಡಿಕೆ. ಅದನ್ನು ‘ತೂತಂತರ’ ಎಂದು ಬರೆದು, ಓದಿ, ಹೊಡೆದುಹಾಕಿದೆ. ‘ತೂತಿನ ನಡುವಿನ ಅಳತೆ’ ಉದ್ದವಾದರೂ ಇರಲಿ.

ನಿಮ್ಮಿಂದ ಬೇಕಾದದ್ದು ಇಷ್ಟು. ‘ಒಪ್ಪ’ವನ್ನು ಈ ಅರ್ಥದಲ್ಲಿ ಈಗಲೂ ಬಾಯಿಮಾತಿನಲ್ಲಿ ಬಳಸುವವರು ನಿಮ್ಮ ಪೈಕಿ ಇದ್ದೀರಾ? ಅಕ್ಕಸಾಲಿಗರು, ಕಂಚುಗಾರರು, ಮರಗೆಲಸದವರು ಮೈ ನಯ ಮಾಡುವುದಕ್ಕೆ, ಅದರಲ್ಲೂ ಹೊಳಪನ್ನು ಬೇಕೆಂದೇ ಇಳಿಸುವುದಕ್ಕೆ, ಏನನ್ನುತ್ತಾರೆ? ಮ್ಯಾಟ್‌ಗೆ ಬೈಗುಳವಲ್ಲದ ಪದ ಅವರ ಹತ್ತಿರ ಇದ್ದೀತು. ಒಂದು ತಿರುಪಿನ ದುಂಡು ಹಿಡಿಗೆ ನೀವು ಗುಬುಟು ಅನ್ನುತ್ತೀರೋ, ಗುಂಡಿ ಅನ್ನುತ್ತೀರೋ ಅದನ್ನೂ ತಿಳಿಸಿ. ನಮ್ಮ ಮನೆಯಲ್ಲೇ ಎರಡು ಪಕ್ಷ ಇದೆ. ನಾನು ಗುಬುಟಿನ ಕಡೆ.