ಘಾಟಿಯಲ್ಲಿ ಆಫ್ ಆಗುವ ಎಫ್‌ಐ ಬೈಕ್: ಇಸಿಯು ಬದಲಿಸುವ ಮುಂಚೆ ಏನೇನು ನೋಡಬೇಕು?

ಕೇಳಿದವರು, ಮೂಡಿಗೆರೆ:

ನಮಸ್ಕಾರ. ನನ್ನದು 2021ರ ಬಿಎಸ್6 ಬೈಕ್, ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಇರುವುದು, 38 ಸಾವಿರ ಕಿ.ಮೀ. ಓಡಿದೆ. ಮಳೆ ಹಿಡಿದಾಗಿನಿಂದ ಒಂದು ಕಾಟ. ಚಾರ್ಮಾಡಿ ಘಾಟಿಯಲ್ಲಿ ಇದ್ದಕ್ಕಿದ್ದಂತೆ ಇಂಜಿನ್ ಆಫ್ ಆಗುತ್ತದೆ. ಪಕ್ಕಕ್ಕೆ ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಮೂರು ಸಲ ಹೀಗಾಯಿತು. ಊರೊಳಗೆ ಒಂದು ಸಲವೂ ಇಲ್ಲ. ಪ್ಲಗ್ ಹೊಸದು ಹಾಕಿಸಿದೆ, ಇಂಜೆಕ್ಟರ್ ಕ್ಲೀನ್ ಮಾಡಿಸಿದೆ. ಸ್ಕ್ಯಾನರ್ ಹಾಕಿ ನೋಡಿದರು, ದೋಷ ತೋರಿಸುವ ಕೋಡ್ ಏನೂ ಬರಲಿಲ್ಲ. ಈಗ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, 14 ಸಾವಿರ ಆಗುತ್ತದೆ ಅನ್ನುತ್ತಿದ್ದಾರೆ. ಹಾಕಿಸಲಾ?

ಪುತ್ತೂರಿನಿಂದ:

ಈಗಲೇ ಹಾಕಿಸಬೇಡಿ ಮಾರಾಯ್ರೆ. ನಾನು ಇದೇ ರೀತಿ ದುಡ್ಡು ಕಳೆದುಕೊಂಡವನು. ನನ್ನ ಬೈಕ್ ಬಿಸಿಯಾದ ಮೇಲೆ ಆಫ್ ಆಗುತ್ತಿತ್ತು, ತಣ್ಣಗಾದರೆ ಸ್ಟಾರ್ಟ್. ಮೊದಲು ಫ್ಯೂಯಲ್ ಪಂಪ್ ಬದಲಿಸಿದರು. ಆಮೇಲೆ ಇಗ್ನಿಷನ್ ಕಾಯಿಲ್. ಮತ್ತೆ ಅದೇ ಕತೆ. ಕೊನೆಗೆ ಒಂದು ಮಲ್ಟಿಮೀಟರ್ ತಗೊಂಡು ಸೀಟಿನ ಕೆಳಗೆ ಇಟ್ಟುಕೊಂಡೆ. ಆಫ್ ಆದ ತಕ್ಷಣ ಅಲ್ಲೇ ರಸ್ತೆ ಪಕ್ಕ ಪಲ್ಸರ್ ಕಾಯಿಲ್ (ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಸೆನ್ಸರ್) ಕಪ್ಲರ್, ಅಂದರೆ ವೈರ್ ಜೋಡಣೆ, ಬಿಚ್ಚಿ ಓಮ್ ನೋಡಿದರೆ ಓಪನ್! ಅರ್ಧ ಗಂಟೆ ಬಿಟ್ಟು ನೋಡಿದೆ, ರೀಡಿಂಗ್ ಸರಿಯಾಗಿ ಬಂತು. ಕಾಯಿಲ್ ಒಳಗಿನ ತಂತಿ ಬಿಸಿಗೆ ಬಿಟ್ಟುಕೊಳ್ಳುತ್ತಿತ್ತು. ಗ್ಯಾರೇಜಿಗೆ ಹೋಗುವಷ್ಟರಲ್ಲಿ ತಣ್ಣಗಾಗಿ ಒಳ್ಳೆಯ ಹುಡುಗನ ಥರ ಕೂತಿರುತ್ತಿತ್ತು, ಪಾಪ ಅವರಿಗೆ ಸಿಗುವುದಾದರೂ ಹೇಗೆ?

ಹಾಗಾಗಿ ಬೈಕ್ ನಿಂತಾಗಲೇ ನೋಡಬೇಕು. ನಿಮಗೆ ಮೂರು ಪ್ರಶ್ನೆ. ನಿಂತಾಗ ಮೀಟರ್ ಉರಿಯುತ್ತಿತ್ತಾ? ಸೆಲ್ಫ್ ತಿರುಗಿತಾ? ಕೀ ಆಫ್ ಮಾಡಿ ಆನ್ ಮಾಡಿದಾಗ ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡ್ ಪಂಪ್ ಗುಂಯ್ ಅಂದಿತಾ?

ಹಾಸನದಿಂದ:

ಮಳೆಗಾಲ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಪೆಟ್ರೋಲಿನಲ್ಲಿ ನೀರು ಇದೆಯಾ ನೋಡಿ. ಈಗ ಬರುವ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್ ನೀರು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲೂ ನೀರೂ ಸೇರಿ ಕೆಳಗೆ ಇಳಿಯುತ್ತವೆ, ಪಂಪ್ ಎಳೆಯುವುದೂ ಅಲ್ಲಿಂದಲೇ. ಟ್ಯಾಂಕಿನ ತಳದ ಪೆಟ್ರೋಲ್ ಸ್ವಲ್ಪ ಗಾಜಿನ ಬಾಟಲಿಗೆ ತೆಗೆದು ಅಲುಗಾಡಿಸದೆ ಬಿಡಿ. ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಿ. ನನ್ನದು ಹೀಗೇ ಆಗಿತ್ತು. ಆದರೆ ಅದು ಒಮ್ಮೆಲೇ ಆಫ್ ಆಗಲಿಲ್ಲ, ಮಿಸ್ ಹೊಡೆದು ಹೊಡೆದು ನಿಂತಿತು.

ತೀರ್ಥಹಳ್ಳಿಯಿಂದ:

ಇಲಿ. ಸೀಟ್ ತೆಗೆದು ನೋಡಿ. ನಮ್ಮ ಕೊಟ್ಟಿಗೆ ಪಕ್ಕ ನಿಲ್ಲಿಸುತ್ತಿದ್ದ ಬೈಕಿನ ಆಕ್ಸಿಜನ್ ಸೆನ್ಸರ್ ವೈರನ್ನು ಎರಡು ಸಲ ಕಡಿದಿವೆ.

ಬೆಂಗಳೂರಿನಿಂದ:

ನಾನು ಬ್ಲೂಟೂತ್ ಸ್ಕ್ಯಾನರ್ ಒಂದು, ಅದಕ್ಕೆ ಬೈಕಿನ 6 ಪಿನ್ ಕಪ್ಲರಿಗೆ ಹೊಂದುವ ಕೇಬಲ್ ಒಂದು ಇಟ್ಟುಕೊಂಡಿದ್ದೇನೆ. ಉಪಯೋಗ ಇದೆ, ಆದರೆ ಕೋಡ್ ನೋಡಿ ಪಾರ್ಟ್ ತರಲು ಓಡಬೇಡಿ. ಪಿ0122 ಅಂದರೆ ಥ್ರಾಟಲ್ ಸೆನ್ಸರಿನಿಂದ ಬರುವ ವೋಲ್ಟ್ ಕಮ್ಮಿ ಅಂತ ಮಾತ್ರ. ಸೆನ್ಸರ್ ಕೆಟ್ಟಿರಬಹುದು, ವೈರ್ ತುಂಡಾಗಿರಬಹುದು, ಕಪ್ಲರಿಗೆ ನೀರು ಹೋಗಿರಬಹುದು. ನನಗೆ ಇದೇ ಕೋಡ್ ಬಂದಿತ್ತು. ಹಿಂದಿನ ದಿನ ಪ್ರೆಶರ್ ವಾಶ್ ಮಾಡಿಸಿದ್ದೆ! ಕಪ್ಲರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಹಾಕಿದೆ. ಕೋಡ್ ಅಳಿಸಿದ ಮೇಲೆ ಇವತ್ತಿನವರೆಗೆ ಬಂದಿಲ್ಲ.

ಕೇಳಿದವರು, ಮೂಡಿಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಬಾಟಲಿಯಲ್ಲಿ ಪದರ ಇಲ್ಲ. ಇಲಿ ಕಡಿದ ಗುರುತೂ ಇಲ್ಲ. ಮೀಟರ್ ಚೆನ್ನಾಗಿ ಉರಿಯುತ್ತಿತ್ತು. ಸೆಲ್ಫ್ ಮಾತ್ರ ತಿರುಗಲಿಲ್ಲ, ನ್ಯೂಟ್ರಲ್ ಮಾಡಿಯೇ ಒತ್ತಿದ್ದೆ. ಪಂಪ್ ಶಬ್ದ ಕೇಳಿದ ನೆನಪಿಲ್ಲ.

ಶಿವಮೊಗ್ಗದಿಂದ, 22 ವರ್ಷದಿಂದ ಗ್ಯಾರೇಜ್:

ಸೆಲ್ಫ್ ತಿರುಗಲಿಲ್ಲ ಅನ್ನುವುದನ್ನು ಮೊದಲೇ ಹೇಳಬಾರದಿತ್ತೇನ್ರೀ! ಅರ್ಧ ಕೆಲಸ ಅಲ್ಲೇ ಮುಗಿಯಿತು. ಪಲ್ಸರ್ ಕಾಯಿಲ್ ಹೋದರೂ ಪೆಟ್ರೋಲಿನಲ್ಲಿ ನೀರಿದ್ದರೂ ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ ಅಷ್ಟೇ. ಇಂಜೆಕ್ಟರ್, ಪ್ಲಗ್ ಎಲ್ಲ ಮರೆತುಬಿಡಿ.

ಬ್ಯಾಟರಿ ಅನ್ನುತ್ತೀರಾ? ಬ್ಯಾಟರಿ ಇಳಿದಿದ್ದರೆ ಸೆಲ್ಫ್ ಒತ್ತಿದಾಗ ಮೀಟರ್ ಮಂಕಾಗುತ್ತದೆ, ರಿಲೇ ಕಟಕಟ ಅನ್ನುತ್ತದೆ. ಆದರೂ ಒಂದು ಸಲ ಅಳೆದುಬಿಡಿ, ಐದು ನಿಮಿಷದ ಕೆಲಸ. ರಾತ್ರಿಯೆಲ್ಲ ನಿಂತ ಬೈಕಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಬೀಳಬಾರದು. ಇಂಜಿನ್ ರೇಸ್ ಮಾಡಿದಾಗ 13.5ರಿಂದ 14.5ರ ಒಳಗೆ ಬರಬೇಕು. 15 ದಾಟಿದರೆ ಚಾರ್ಜಿಂಗ್ ವೋಲ್ಟ್ ಹಿಡಿದಿಡುವ ರೆಕ್ಟಿಫೈಯರ್ ನೋಡಿ, ಹಾಗೇ ಓಡಿಸಿದರೆ ಇಸಿಯು ನಿಜವಾಗಿಯೂ ಹೋಗಬಹುದು. ಆಮೇಲೆ ಅರ್ತ್, ಅಂದರೆ ಬ್ಯಾಟರಿ ಮೈನಸ್ ಬೈಕ್ ಬಾಡಿಗೆ ಕೂಡುವ ಜಾಗ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ ಬಾಡಿಗೆ ಹಿಡಿದು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಬೇಕು. ನಮ್ಮ ಮಲೆನಾಡಿನ ಬೈಕುಗಳಲ್ಲಿ ಇದು ತುಂಬಾ ಸಾಮಾನ್ಯ.

ಇನ್ನು ನಿಮ್ಮ ವಿಷಯ. ಮೀಟರ್ ಇದೆ, ಸೆಲ್ಫ್ ಇಲ್ಲ, ಪಂಪ್ ಇಲ್ಲ, ಕೋಡೂ ಇಲ್ಲ. ಇಂಜಿನ್ ಓಡಲು ಬೈಕೇ ಪರ್ಮಿಶನ್ ಕೊಡುತ್ತಿಲ್ಲ. ಅಂದರೆ ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ ಇಂಜಿನ್ ಆಫ್ ಸ್ವಿಚ್), ಸೈಡ್ ಸ್ಟ್ಯಾಂಡ್ ಸ್ವಿಚ್, ಅಥವಾ ಅವುಗಳ ವೈರು. ಬಹಳಷ್ಟು ಬೈಕಿನಲ್ಲಿ ನ್ಯೂಟ್ರಲ್‌ನಲ್ಲಿದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್ ತಡೆಯುವುದಿಲ್ಲ, ನ್ಯೂಟ್ರಲ್‌ನಲ್ಲೂ ತಿರುಗಿಲ್ಲ ಅಂದಮೇಲೆ ನನಗೆ ಅನುಮಾನ ಕಿಲ್ ಸ್ವಿಚ್ ವೈರಿನ ಮೇಲೇ. ಬಹಳಷ್ಟು ಬೈಕಿನಲ್ಲಿ ಸೆಲ್ಫ್, ಪಂಪ್ ಎರಡಕ್ಕೂ ಅದೇ ದಾರಿ. ಆ ವೈರ್ ಹ್ಯಾಂಡಲ್ ಕತ್ತಿನ ಹತ್ತಿರ ದಿನಕ್ಕೆ ನೂರು ಸಲ ಬಗ್ಗುತ್ತದೆ. ಮನೆಯಲ್ಲೇ ಇಂಜಿನ್ ಸ್ಟಾರ್ಟ್ ಮಾಡಿ, ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಹಾಗೆಯೇ ಹೆಡ್‌ಲೈಟ್ ಹಿಂದಿನ ವೈರಿಂಗ್ ಕಟ್ಟನ್ನು ಮೆಲ್ಲಗೆ ಎಳೆದು ನೋಡಿ. ಹೊರಗಿನವರ ಹತ್ತಿರ ಫಾಗ್ ಲೈಟ್ ಗೀಗ್ ಲೈಟ್ ಹಾಕಿಸಿದ್ದೀರಾ?

ಕೇಳಿದವರು, ಮೂಡಿಗೆರೆ (ನಾಲ್ಕು ದಿನದ ನಂತರ):

ಸಿಕ್ಕಿತು! ಬ್ಯಾಟರಿ 12.5, ಚಾರ್ಜಿಂಗ್ 14.1, ಅರ್ತ್ ಸರಿ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ವೈರ್ ಕಟ್ಟನ್ನು ಒಂಚೂರು ಎಳೆದೆ, ಟಪ್ ಅಂತ ಆಫ್. ನೇರ ಮಾಡಿದರೆ ಸ್ಟಾರ್ಟ್. ಮೇ ತಿಂಗಳಲ್ಲಿ ಫಾಗ್ ಲೈಟ್ ಹಾಕಿಸಿದ್ದೆ. ಹಾಕಿದವರು ಹ್ಯಾಂಡಲ್ ಕತ್ತಿನ ಹತ್ತಿರ ಪ್ಲಾಸ್ಟಿಕ್ ಟೈ ಹಾಕಿ ಉಸಿರು ಕಟ್ಟುವಷ್ಟು ಬಿಗಿದಿದ್ದಾರೆ. ಕಿಲ್ ಸ್ವಿಚ್ ವೈರಿನ ಮೇಲಿನ ರಬ್ಬರ್ ಹಾಗೇ ಇದೆ, ಒಳಗೆ ತಾಮ್ರ ಮಾತ್ರ ತುಂಡಾಗಿದೆ.

ಆ ಹದಿನೈದು ನಿಮಿಷದ ಗುಟ್ಟೂ ಗೊತ್ತಾಯಿತು. ಬಸ್ಸಿನ ಹಿಂದೆ ನಿಧಾನಕ್ಕೆ ಎಡ ತಿರುವು ತೆಗೆದುಕೊಳ್ಳುವಾಗಲೇ ಆಫ್ ಆಗುತ್ತಿತ್ತು. ಸೈಡ್ ಸ್ಟ್ಯಾಂಡ್ ಹಾಕಿದರೆ ಹ್ಯಾಂಡಲ್ ತಾನಾಗಿ ಎಡಕ್ಕೇ ವಾಲುತ್ತದೆ ಅಲ್ವಾ, ಹಾಗೇ ಸೆಲ್ಫ್ ಒತ್ತುತ್ತಿದ್ದೆ. ಸಾಕಾಗಿ ಕಾದು, ಆಮೇಲೆ ಹತ್ತಿ ಕೂತು ಹ್ಯಾಂಡಲ್ ನೇರ ಮಾಡಿದಾಗ ಸ್ಟಾರ್ಟ್. ನಾನು ತಣ್ಣಗಾಯಿತು ಅಂದುಕೊಂಡೆ. ಮಳೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಈಗ ಸದ್ಯಕ್ಕೆ ವೈರ್ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ. ಸಾಕಾಗುತ್ತದಾ?

ಶಿವಮೊಗ್ಗದಿಂದ:

ಸಾಲದು, ಈ ಮಳೆಗೆ ಒಂದು ತಿಂಗಳೂ ಬಾಳುವುದಿಲ್ಲ. ಬೆಸುಗೆ ಅಲ್ಲೇ ಬಗ್ಗುವ ಜಾಗದಲ್ಲಿ ಬೇಡ, ಅಲ್ಲೇ ಮತ್ತೆ ಮುರಿಯುತ್ತದೆ. ಬಗ್ಗುವ ಜಾಗದಿಂದ ಹಿಂದೆ ಮುಂದೆ ಸ್ವಲ್ಪ ದೂರ ಬಿಟ್ಟು ಅದೇ ದಪ್ಪದ ಹೊಸ ತುಂಡು ವೈರ್ ಸೇರಿಸಿ, ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ವೈರನ್ನು ಬಿಗಿಯಾಗಿ ಹಿಡಿಯುವ ಕೊಳವೆ) ಹಾಕಿಸಿ. ಫಾಗ್ ಲೈಟಿಗೆ ಬೇರೆ ರಿಲೇ, ಬೇರೆ ಫ್ಯೂಸ್ ಇದೆಯಾ ಅದನ್ನೂ ನೋಡಿಸಿ. ಹಳೆಯ ಟೈ ಕತ್ತರಿಸಿ, ವೈರ್ ಸಡಿಲವಾಗಿರಲಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಎಳೆಯುತ್ತಿಲ್ಲ ಅಂತ ನೋಡಿಕೊಂಡ ಮೇಲೆ ಹೆಡ್‌ಲೈಟ್ ಕೂರಿಸಿ.