ಮ್ಯಾಲಮ್ ಊರಿನಿಂದ ಸುತ್ತು ನಡಿಗೆ: ಮಂಡಿನೋವಿರೋ ಅಮ್ಮನ್ನ ಕರ್ಕೊಂಡು ಹೋಗಬಹುದಾ?

ಲೀಡ್ಸ್_ಮೈಸೂರಿಗ:
ಎಲ್ಲರಿಗೂ ನಮಸ್ಕಾರ. ಮೇ ಕೊನೇಲಿ ಅಪ್ಪ ಅಮ್ಮ ಬರ್ತಿದ್ದಾರೆ. ಲಂಡನ್ನು ಹೋದ ಸಲಾನೇ ನೋಡಿದ್ದಾಯ್ತು, ಈ ಸಲ ಹಳ್ಳಿ ಕಡೆ ನಡೆಯೋಣ ಅಂತ ಅಪ್ಪಂದೇ ಆಸೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ಮ್ಯಾಲಮ್ ಊರಿಂದ ಹೊರಟು ಜಾನೆಟ್ಸ್ ಫಾಸ್ ಅನ್ನೋ ಜಲಪಾತ, ಗೋರ್ಡೇಲ್ ಸ್ಕಾರ್ ಅನ್ನೋ ಕಮರಿ, ಮ್ಯಾಲಮ್ ಕೋವ್ ಅನ್ನೋ ದೊಡ್ಡ ಬಂಡೆಗೋಡೆ ನೋಡ್ಕೊಂಡು ಮತ್ತೆ ಊರಿಗೇ ಬರೋ ಸುತ್ತು ಸುಮಾರು 8 ಕಿ.ಮೀ. ಅಂತ ಓದಿದೆ. ಅಪ್ಪನಿಗೆ 68, ದಿನಾ ಕುಕ್ಕರಹಳ್ಳಿ ಕೆರೆ ಸುತ್ತೋರು. ಅಮ್ಮನಿಗೆ ಮಂಡಿನೋವು. ಸಮತಟ್ಟು ಜಾಗದಲ್ಲಿ ಪರವಾಗಿಲ್ಲ, ಮೆಟ್ಟಿಲು ಇಳಿಯೋದು ಮಾತ್ರ ಕಷ್ಟ. ಕಾರಿದೆ. ಹೋಗಬಹುದಾ, ಬೇರೆ ಊರು ನೋಡ್ಲಾ?

ಪುತ್ತೂರಕ್ಕ:
ಖಂಡಿತ ಹೋಗಿ. ಬೇರೆ ಊರು ಹುಡುಕಬೇಡಿ. ನಾನು ಬ್ರಾಡ್‌ಫರ್ಡ್‌ನಲ್ಲಿ ಫಿಸಿಯೋಥೆರಪಿಸ್ಟ್, ದಿನಬೆಳಗಾದ್ರೆ ಮಂಡಿಗಳನ್ನೇ ನೋಡೋಳು. ಪುರುಸೊತ್ತು ಸಿಕ್ಕಾಗೆಲ್ಲ ಮ್ಯಾಲಮ್‌ಗೆ ಓಡ್ತೀನಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಹೆಚ್ಚಿನವರು ಮೊದಲು ಜಾನೆಟ್ಸ್ ಫಾಸ್‌ಗೆ ಹೋಗಿ, ಕೊನೆಗೆ ಕೋವ್‌ನ ನೆತ್ತಿಯಿಂದ ಇಳಿದು ಬರ್ತಾರೆ. ಆ ಇಳಿಜಾರಲ್ಲಿ ಸುಮಾರು 400 ಕಲ್ಲಿನ ಮೆಟ್ಟಿಲಿವೆ. ಎತ್ತರ ಒಂದೇ ಸಮ ಇಲ್ಲ, ಜನ ಓಡಾಡಿ ನುಣುಪಾಗಿವೆ. ಸವೆದ ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಹೆಚ್ಚು ಪೆಟ್ಟು. ದೇಹದ ಭಾರವನ್ನೆಲ್ಲ ಬಗ್ಗಿದ ಮಂಡಿ ತಡೆದು ತಡೆದು ಕೆಳಗಿಳಿಸಬೇಕಾಗುತ್ತೆ. ಅಮ್ಮನನ್ನ ಆ ಮೆಟ್ಟಿಲಿಗೆ ಕರ್ಕೊಂಡು ಹೋಗಲೇಬೇಡಿ.

ಆದರೆ ಮ್ಯಾಲಮ್‌ನ ದೊಡ್ಡ ಗುಣ ಏನು ಗೊತ್ತಾ? ಮೂರು ಜಾಗಾನೂ ಬುಡದಿಂದಲೇ ನೋಡಬಹುದು, ಗುಡ್ಡ ಹತ್ತಬೇಕಿಲ್ಲ. ಊರಿಂದ ಕೋವ್‌ನ ಬುಡಕ್ಕೆ ಸುಮಾರು ಒಂದೂವರೆ ಕಿ.ಮೀ., ಜಲ್ಲಿ ಹಾಕಿದ ಒಳ್ಳೆ ದಾರಿ. ಅಲ್ಲಿ ನಿಂತು ತಲೆ ಎತ್ತಿದ್ರೆ ಸುಮಾರು 80 ಮೀಟರ್ ಎತ್ತರದ ಬಿಳಿ ಸುಣ್ಣಕಲ್ಲಿನ ಬಂಡೆ ಅರ್ಧಚಂದ್ರದ ಹಾಗೆ ಬಾಗಿ ನಿಂತಿರುತ್ತೆ. ನಿಜ ಹೇಳ್ತೀನಿ, ಕೋವ್‌ನ ಗಾಂಭೀರ್ಯ ಬುಡದಿಂದಲೇ ಚೆಂದ, ಮೇಲಿಂದ ಅದು ಕಾಣಿಸೋದೇ ಇಲ್ಲ. ಪೆರೆಗ್ರಿನ್ ಡೇಗೆಗಳು ಅಲ್ಲೇ ಗೂಡು ಮಾಡ್ತವೆ, ಮೇ ತಿಂಗಳಲ್ಲಿ ಮರಿ ಇರೋ ಕಾಲ. ದುರ್ಬೀನು ಇದ್ರೆ ತಗೊಂಡು ಹೋಗಿ. ದಾರಿ ಪಕ್ಕದ ಹುಲ್ಲುಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣೋದನ್ನ ಅಪ್ಪನಿಗೆ ತೋರಿಸಿ. ಹಿಂದಿನ ಕಾಲದ ರೈತರು ಉಳುಮೆಗೆ ಮಾಡ್ಕೊಂಡಿದ್ದ ಪಟ್ಟಿಗಳು ಅವು.

ಜಾನೆಟ್ಸ್ ಫಾಸ್ ಕಡೆ ದಾರಿ ಇನ್ನೂ ಸಲೀಸು. ಹಳ್ಳದ ಪಕ್ಕ, ಹೊಲಗಳ ನಡುವೆ, ಆಮೇಲೆ ಸಣ್ಣ ಕಾಡು. ಮೇ ತಿಂಗಳಲ್ಲಿ ಆ ಕಾಡಿನ ನೆಲದ ತುಂಬ ಕಾಡುಬೆಳ್ಳುಳ್ಳಿಯ ಬಿಳಿ ಹೂವು, ಒಗ್ಗರಣೆ ಹಾಕಿದ ಅಡುಗೆಮನೆಗೆ ಕಾಲಿಟ್ಟ ಹಾಗೆ ವಾಸನೆ. ಜಲಪಾತ ದೊಡ್ಡದಲ್ಲ. ನೀರಲ್ಲಿ ಕರಗಿದ ಸುಣ್ಣ ಪಾಚಿಯ ಮೇಲೆ ಕಟ್ಟಿ ಕಟ್ಟಿ ಹೊಸ ಕಲ್ಲಾಗಿದೆ, ನೀರು ಅದರ ಮೇಲಿಂದ ಪರದೆ ಥರ ಬೀಳುತ್ತೆ. ಹಿಂದಿನ ಗುಹೆಯಲ್ಲಿ ಯಕ್ಷಿಣಿಯರ ರಾಣಿ ಜಾನೆಟ್ ಇದ್ದಾಳೆ ಅಂತ ಊರವರ ನಂಬಿಕೆ. ಕೆಳಗಿನ ಮಡುವಲ್ಲಿ ಹಿಂದೆ ಕುರಿ ತೊಳೀತಿದ್ರು. ಅಲ್ಲಿಂದ ರಸ್ತೆಗೆ ಹತ್ತೋ ಚೂರು ಜಾಗ ಮಾತ್ರ ಕಲ್ಲುಕಲ್ಲು, ಅಮ್ಮನಿಗೆ ಕೈ ಕೊಡಿ. ಮುಂದೆ ಗೋರ್ಡೇಲ್ ಸ್ಕಾರ್‌ವರೆಗೆ ಮತ್ತೆ ಸಮತಟ್ಟು. ಎರಡೂ ಕಡೆ ಬಂಡೆ ಹತ್ತಿರ ಹತ್ತಿರ ಬಂದು, ತಿರುವಿನಲ್ಲಿ ಇದ್ದಕ್ಕಿದ್ದಂತೆ ಜಲಪಾತ ಎದುರಾಗುತ್ತೆ. ಅದರ ಪಕ್ಕದ ಬಂಡೆ ಹತ್ತಿ ಹೋಗೋ ದಾರಿ ಇದೆ, ಯುವಕರು ಹತ್ತೋದು ನೋಡಿ ಅಪ್ಪ ಹುರುಪಾಗ್ತಾರೆ. ಬೇಡ ಅನ್ನಿ. ಕೈಯಿಂದ ಬಂಡೆ ಹಿಡಿದೇ ಹತ್ತಬೇಕಾದ ಜಾಗ ಅದು, ಬಂಡೆ ಸದಾ ಒದ್ದೆ.

ಪೂರ್ತಿ ಸುತ್ತು ಅಪ್ಪನ ಜೊತೆ ನೀವು ಮಾಡಿ, ಅದೂ ಉಲ್ಟಾ ದಿಕ್ಕಲ್ಲಿ. ಮೊದಲು ಕೋವ್‌ನ ಮೆಟ್ಟಿಲು ಹತ್ತಿ, ಮೇಲಿನ ಹಾಸುಬಂಡೆ ದಾಟಿ, ಹೊಲಗಳಲ್ಲಿ ಇಳಿದು ಗೋರ್ಡೇಲ್ ಸೇತುವೆಗೆ ಬನ್ನಿ. ಅಲ್ಲಲ್ಲಿ ಕಲ್ಲುಗೋಡೆ ಹತ್ತಿ ಇಳಿಯೋ ಸ್ಟೈಲ್‌ಗಳಿವೆ, ನಮ್ಮೂರಲ್ಲಿ ತಡಮೆ ಅಂತೀವಲ್ಲ, ಅದೇ. ಅಪ್ಪನಿಗೆ ಹಿಡಿತ ಇರೋ ಶೂ ಬೇಕು. ವಾಕಿಂಗ್‌ಗೆ ಹಾಕೋ ನುಣುಪು ಅಡಿಯ ಶೂ ನಡೆಯಲ್ಲ.

ಕಲ್ಲುಮೇಷ್ಟ್ರು:
ಪುತ್ತೂರಕ್ಕ ಹೇಳಿದ ಹಾಸುಬಂಡೆ ಬಗ್ಗೆ ಒಂದೆರಡು ಮಾತು. ನಾನು ಶಾಲೆಯಲ್ಲಿ ಭೂಗೋಳ ಕಲಿಸೋನು, ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀನಿ. 30 ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ ಆಳವಿಲ್ಲದ ಸಮುದ್ರದಲ್ಲಿ ಆದ ಸುಣ್ಣಕಲ್ಲು ಅದು. ಹಿಮನದಿ ಮೇಲಿನ ಮಣ್ಣು ಕೆರೆದು ಹಾಕ್ತು, ಆಮೇಲೆ ಮಳೆನೀರು ಸಂದುಗಳನ್ನ ಕರಗಿಸಿ ಅಗಲ ಮಾಡ್ತು. ಆ ಸಂದುಗಳು ಮಂಡಿಯಷ್ಟು ಆಳ, ಕೆಲವು ಇನ್ನೂ ಆಳ. ಬಗ್ಗಿ ನೋಡಿ, ಒಳಗೆ ಜರೀಗಿಡಗಳಿರುತ್ತವೆ. ಗಾಳಿ ಬಿಸಿಲು ಕುರಿ ಯಾವುದೂ ತಾಗದೆ ಬೆಳೆದವು. ಮಳೆ ಬಂದಿದ್ರೆ ಅಪ್ಪನನ್ನ ಅಲ್ಲಿ ನಡೆಸಬೇಡಿ, ಕಾಲು ಸಿಕ್ಕಿಕೊಂಡ್ರೆ ಮೂಳೆ ಮುರಿಯುತ್ತೆ.

ಕೋವ್ ಮೇಲಿಂದ ಈಗ ನೀರು ಬೀಳಲ್ಲ, ಹಿಮಯುಗದ ಕೊನೆಯಲ್ಲಿ ಬೀಳ್ತಿತ್ತು. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಚಂಡಮಾರುತ ಬಂದಾಗ ಮಾತ್ರ ಸ್ವಲ್ಪ ಹೊತ್ತು ಜಲಪಾತ ಮತ್ತೆ ಧುಮುಕಿತು. ಇನ್ನೊಂದು ಸೋಜಿಗ: ಮೇಲಿನ ಮ್ಯಾಲಮ್ ಟಾರ್ನ್ ಸರೋವರದಿಂದ ಹೊರಟ ತೊರೆ ಸ್ವಲ್ಪ ದೂರದಲ್ಲೇ ನೆಲದೊಳಗೆ ಇಳಿದುಬಿಡುತ್ತೆ. ಕೋವ್‌ನ ಬುಡದಲ್ಲಿ ಉಕ್ಕೋ ನೀರು ಅದೇ ಅಂತ ಎಲ್ಲರೂ ಅಂದುಕೊಳ್ತಾರೆ. ಅಲ್ಲ. ಟಾರ್ನ್ ನೀರು ಊರು ದಾಟಿ ದಕ್ಷಿಣಕ್ಕೆ, ಏರ್‌ಹೆಡ್ ಬುಗ್ಗೆಗಳಲ್ಲಿ ಮೇಲೆ ಬರುತ್ತೆ. ನಿಮ್ಮ ಲೀಡ್ಸ್ ನಡುವೆ ಹರಿಯೋ ಏರ್ ನದಿಯಲ್ಲಿ ಆ ನೀರೂ ಇದೆ.

ಲೀಡ್ಸ್_ಮೈಸೂರಿಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನಾವಿಬ್ಬರು ಸುತ್ತು ಹಾಕೋವಾಗ ಅಮ್ಮ ಒಬ್ಬರೇ ಆಗ್ತಾರಲ್ಲ? ಊಟಕ್ಕೇನು? ಅಮ್ಮ ಮೊಟ್ಟೇನೂ ತಿನ್ನಲ್ಲ.

ಪುತ್ತೂರಕ್ಕ:
ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೋವ್‌ನ ಬುಡಕ್ಕೆ ಹೋಗಿ. ಅಲ್ಲಿಂದ ನಿಮ್ಮ ಶ್ರೀಮತಿ ಅಥವಾ ಸ್ನೇಹಿತರು ಯಾರಾದ್ರೂ ಅಮ್ಮನ ಜೊತೆ ವಾಪಸ್ ಬರಲಿ. ಕಾರಲ್ಲಿ ಗೋರ್ಡೇಲ್‌ಗೆ ಬಂದು ಕಾದರೆ, ನೀವು ಗುಡ್ಡ ಇಳಿಯೋ ಹೊತ್ತಿಗೆ ಎಲ್ಲರೂ ಸೇರ್ತೀರಿ, ಸ್ಕಾರ್ ಮತ್ತು ಫಾಸ್ ಒಟ್ಟಿಗೇ ನೋಡಬಹುದು. ಯಾರೂ ಇಲ್ಲದಿದ್ರೆ ಅಪ್ಪನ ಸುತ್ತನ್ನ ಇನ್ನೊಂದು ದಿನಕ್ಕಿಡಿ. ಅಪರಿಚಿತ ಊರಲ್ಲಿ, ಫೋನ್ ಸಿಗ್ನಲ್ ಸರಿಯಾಗಿ ಸಿಗದ ಕಡೆ, ಅಮ್ಮನನ್ನ ಒಬ್ಬರೇ ಕೂರಿಸಿ ಹೋಗಬೇಡಿ.

ಪಬ್‌ಗಳಲ್ಲಿ ಚಿಪ್ಸು, ಸೂಪು ಸಿಗುತ್ತೆ, ಆದ್ರೂ ಚಿತ್ರಾನ್ನ ಕಟ್ಕೊಂಡೇ ಹೋಗಿ. ಶೌಚಾಲಯ ಊರಿನ ಕಾರ್ ಪಾರ್ಕ್ ಹತ್ತಿರಾನೇ ಇದೆ, ಹೊರಡೋ ಮುಂಚೆ ಹೋಗಿಬರಲಿ, ದಾರೀಲಿ ಇಲ್ಲ. ಹೊಲದಲ್ಲಿ ಕುರಿಮರಿಗಳಿರ್ತವೆ, ಮುದ್ದು ಬಂದ್ರೂ ಹತ್ತಿರ ಹೋಗದ ಹಾಗೆ ನೋಡ್ಕೊಳ್ಳಿ. ಗೇಟು ಮುಚ್ಚಿಯೇ ಮುಂದೆ ಹೋಗಿ.

ಮೇ ಕೊನೆಯ ಸೋಮವಾರ ಬ್ಯಾಂಕ್ ಹಾಲಿಡೇ, ಅಂದ್ರೆ ಎಲ್ಲರಿಗೂ ರಜೆ, ಕಾರ್ ಪಾರ್ಕ್ ಬೇಗ ತುಂಬುತ್ತೆ. ಮಂಗಳವಾರ ಬುಧವಾರ ಆರಿಸಿ, ಒಂಬತ್ತೂವರೆಗೆಲ್ಲ ಅಲ್ಲಿರಿ.

ಸ್ಕಿಪ್ಟನ್_ಶೆಟ್ಟಿ:
ಕಾರಿಲ್ಲದೆ ಈ ಪೋಸ್ಟ್ ಓದೋರಿಗೆ: ಲೀಡ್ಸ್‌ನಿಂದ ಸ್ಕಿಪ್ಟನ್‌ಗೆ ನೇರ ರೈಲಿದೆ, ಅಲ್ಲಿಂದ ಮ್ಯಾಲಮ್‌ಗೆ ಬಸ್ಸು. ದಿನಕ್ಕೆ ಕೆಲವೇ ಬಸ್ಸು. ವಾಪಸ್ ಬರೋ ಕೊನೆಯ ಬಸ್ಸಿನ ಸಮಯ ನೋಡಿಕೊಂಡೇ ಹೊರಡಿ.