‘ರಿಟೆನ್ಶನ್ ಟೈಮ್’: ತಂಗುಕಾಲವೋ, ತಂಗುಗಾಲವೋ?

ಮೆಥನಾಲ್, ಎಥನಾಲ್, 1-ಪ್ರೊಪನಾಲ್ ಬೆರೆತ ದ್ರವವನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಯಿಂದ ಬೇರ್ಪಡಿಸಿ ಗುರುತಿಸುವ ಪ್ರಯೋಗವನ್ನು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ರಿಟೆನ್ಶನ್ ಟೈಮ್’, ಅಂದರೆ ಚುಚ್ಚಿದ ವಸ್ತು ಉಪಕರಣದ ಕೊಳವೆಯನ್ನು ದಾಟಿ ಹೊರಬರಲು ಹಿಡಿಯುವ ಸಮಯ, ಇದಕ್ಕೆ ಕನ್ನಡ ಪದ ಹುಡುಕುತ್ತ ನಿಂತಿದ್ದೇನೆ. ಮೊದಲು ‘ಧಾರಣಕಾಲ’ ಎಂದು ಬರೆದೆ, ಹೊಡೆದುಹಾಕಿದೆ. ಧಾರಣ ಎಂದರೆ ತೊಡುವುದು, ಹೊರುವುದು. ಕೊಳವೆಯೊಳಗೆ ಏನು ನಡೆಯುತ್ತದೆ ಎಂಬುದು ಅದರಿಂದ ಕಣ್ಣಿಗೆ ಕಟ್ಟುವುದಿಲ್ಲ.

ನಡೆಯುವುದು ಇಷ್ಟು. ಸಿರಿಂಜಿನಿಂದ ಚುಚ್ಚಿದ ಒಂದು ಮೈಕ್ರೊಲೀಟರ್ ಮಿಶ್ರಣ ಬಿಸಿಗೆ ತಟ್ಟನೆ ಆವಿಯಾಗುತ್ತದೆ. ಹೀಲಿಯಂ ಆ ಆವಿಯನ್ನು ಉದ್ದನೆಯ ಸಣ್ಣ ಕೊಳವೆಯೊಳಗೆ ಒಯ್ಯುತ್ತದೆ. ಕೊಳವೆಯ ಒಳಮೈಗೆ ದ್ರವದ ತೆಳು ಲೇಪವಿರುತ್ತದೆ. ಅನಿಲದಲ್ಲಿ ಇರುವಷ್ಟು ಹೊತ್ತು ಮೂರೂ ಆಲ್ಕೊಹಾಲುಗಳ ಅಣುಗಳು ಒಂದೇ ವೇಗದಲ್ಲಿ ಸಾಗುತ್ತವೆ. ಲೇಪಕ್ಕೆ ಇಳಿದ ಅಣು ಅಲ್ಲಿ ನಿಲ್ಲುತ್ತದೆ, ಎದ್ದು ಮುಂದೆ ಹೋಗುತ್ತದೆ, ಮತ್ತೆ ಇಳಿಯುತ್ತದೆ. ಮೆಥನಾಲ್ ಕುದಿಯುವುದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಥನಾಲ್ 78ರಲ್ಲಿ, 1-ಪ್ರೊಪನಾಲ್ 97ರಲ್ಲಿ. ಹೊರಬರುವುದೂ ಇದೇ ಸರದಿಯಲ್ಲಿ. ಯಾವುದು ಹೆಚ್ಚು ತಂಗಿತೋ ಅದು ತಡವಾಗಿ ಬಂತು, ಅಷ್ಟೇ. ಹಾಗಾಗಿ ‘ತಂಗು’ ಎಂಬ ಧಾತು ನನಗೆ ತುಂಬ ಹಿಡಿಸಿದೆ.

ಈಗ ಎರಡು ತೊಡಕು.

ಒಂದು, ಸಂಧಿಯದು. ತಂಗು, ತಾಣ ಸೇರಿ ‘ತಂಗುದಾಣ’ ಆಯಿತು. ಮಳೆ, ಕಾಲ ಸೇರಿ ‘ಮಳೆಗಾಲ’. ಅದೇ ಆದೇಶ ಸಂಧಿಯಂತೆ ‘ತಂಗುಗಾಲ’ ಎನ್ನಬೇಕಲ್ಲವೇ? ಆದರೆ ಕೇಳಿದವರಿಗೆ ಅದರಲ್ಲಿ ‘ಕಾಲ’ ಥಟ್ಟನೆ ಸಿಗುವುದಿಲ್ಲ. ‘ತಂಗುಹೊತ್ತು’ ಎಂದರೆ ಈ ಗೊಂದಲವಿಲ್ಲ. ಆದರೆ ‘ಆವಿಯನ್ನು ಹೊತ್ತು ಸಾಗುವ ಅನಿಲ’ ಎಂದು ಪಕ್ಕದ ವಾಕ್ಯದಲ್ಲೇ ಬರೆಯಬೇಕಾಗುತ್ತದೆ, ಎರಡು ‘ಹೊತ್ತು’ ಡಿಕ್ಕಿ ಹೊಡೆಯುತ್ತವೆ.

ಇನ್ನೊಂದು ಅರ್ಥದ್ದು, ನನಗೆ ಇದೇ ದೊಡ್ಡದು. ರಿಟೆನ್ಶನ್ ಟೈಮ್ ಎಣಿಸುವುದು ಚುಚ್ಚಿದ ಕ್ಷಣದಿಂದ ಹೊರಬಂದ ವಸ್ತುವನ್ನು ತೋರಿಸುವ ಗ್ರಾಫಿನ ಏರು ತುದಿ ಮುಟ್ಟುವವರೆಗೆ. ಅದರಲ್ಲಿ ಬರಿಯ ಪಯಣದ ಸಮಯವೂ ಸೇರಿದೆ. ಲೇಪದಲ್ಲಿ ಹೆಚ್ಚುಕಡಿಮೆ ನಿಲ್ಲದ ಮೀಥೇನ್ 1 ನಿಮಿಷಕ್ಕೆ, ಎಥನಾಲ್ 3 ನಿಮಿಷಕ್ಕೆ ಬಂತೆನ್ನಿ. ಎಥನಾಲ್ ನಿಜವಾಗಿ ತಂಗಿದ್ದು 2 ನಿಮಿಷ. ‘ಅಡ್ಜಸ್ಟೆಡ್ ರಿಟೆನ್ಶನ್ ಟೈಮ್’ ಎಂದು ಲೆಕ್ಕ ಹಾಕುವುದು ಈ 2 ನಿಮಿಷವನ್ನು. ‘ತಂಗು’ ಎಂಬ ಮಾತು ಇದಕ್ಕೇ ಸರಿಯಾಗಿ ಒಪ್ಪುತ್ತದೆ.

ಹಾಗಾದರೆ ಪೂರ್ತಿ 3 ನಿಮಿಷಕ್ಕೆ ‘ಹೊರಬರುವ ಸಮಯ’ ಎಂದು ಸರಳವಾಗಿ ಬರೆದು, ‘ತಂಗು’ವನ್ನು ಆ 2 ನಿಮಿಷಕ್ಕೆ ಮೀಸಲಿಡಬಹುದೇ? ‘ತಂಗುಗಾಲ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಪ್ರಯೋಗಾಲಯದಲ್ಲಿ ಕನ್ನಡದಲ್ಲೇ ಮಾತಾಡುವವರು ಈ ಎರಡನ್ನು ಹೇಗೆ ಬೇರೆ ಮಾಡಿ ಹೇಳುತ್ತೀರಿ, ದಯವಿಟ್ಟು ತಿಳಿಸಿ.